ಸಹಾಯ ಬೇಕು: ಡಬ್ಲ್ಯು ಅಂಡ್ ಓಡಿ (ವಾಷಿಂಗ್ಟನ್ ಅಂಡ್ ಓಲ್ಡ್ ಡೊಮಿನಿಯನ್) ಟ್ರೈಲ್‌ನಲ್ಲಿ ಹಿರಿಯರು ನಿಶ್ಚಿಂತೆಯಿಂದ ನಡೆಯಬಹುದಾದ ಭಾಗ ಯಾವುದು?

ಉತ್ತರ ವರ್ಜೀನಿಯಾದ ಕನ್ನಡ ಬಂಧುಗಳಿಗೆ ನಮಸ್ಕಾರ. ಊರಿನಿಂದ ಬಂದಿರುವ ನಮ್ಮ ತಂದೆಯವರು ಮುಂಜಾನೆಯ ನಡಿಗೆಯನ್ನು ತಪ್ಪಿಸುವವರಲ್ಲ. ಆದರೆ 1968ರಲ್ಲಿ ನಿಂತುಹೋದ ರೈಲುಮಾರ್ಗದ ಜಾಡಿನಲ್ಲಿ ಶರ್ಲಿಂಗ್ಟನ್‌ನಿಂದ ಪರ್ಸೆಲ್‌ವಿಲ್‌ವರೆಗೆ ಸುಮಾರು 72 ಕಿ.ಮೀ. ಸಾಗುವ ಈ ಹಾದಿಯಲ್ಲಿ, ಕಿವಿ ತುಸು ಮಂದವಾಗಿರುವ ಅವರಿಗೆ ಹಿಂದಿನಿಂದ ವೇಗವಾಗಿ ಬರುವ ಸೈಕಲ್‌ಗಳ ಗಂಟೆ ಕೇಳಿಸುವುದಿಲ್ಲವೆಂಬುದೇ ನಮ್ಮ ಚಿಂತೆ. ಎಡಬದಿಗೆ ಒಗ್ಗಿಹೋಗಿರುವ ಅವರಿಗೆ ಬಲಬದಿಯಲ್ಲಿ ನಡೆಯುವುದೂ ಇನ್ನೂ ರೂಢಿಯಾಗಿಲ್ಲ. ಫಾಲ್ಸ್ ಚರ್ಚ್ ನಗರದಲ್ಲಿ ನಡೆಯುವವರಿಗೂ ಸೈಕಲ್ ಸವಾರರಿಗೂ ಪ್ರತ್ಯೇಕ ಪಥಗಳಿರುವುದು ನಿಜಕ್ಕೂ ಮೆಚ್ಚತಕ್ಕ ವ್ಯವಸ್ಥೆ, ಆದರೆ ನಾವಿರುವ ಹರ್ನ್‌ಡನ್‌ನಿಂದ ಪ್ರತಿದಿನ ಅಲ್ಲಿಗೆ ಹೋಗಲಾಗದು. ಹರ್ನ್‌ಡನ್ ಮತ್ತು ವಿಯೆನ್ನಾಗಳ ನಡುವೆ, ಕುದುರೆ ಸವಾರಿಗೆಂದು ಪಕ್ಕದಲ್ಲಿ ಹಾಕಿರುವ ಜಲ್ಲಿಹಾದಿ ಹಿರಿಯರ ಕಾಲಿಗೆ ಹಿತವಾಗಿರುವ, ನಡುವೆ ಕೂರಲು ಬೆಂಚುಗಳೂ ಇರುವ ಭಾಗ ಯಾವುದು, ಸೈಕಲ್‌ಗಳ ಓಡಾಟ ಯಾವ ಹೊತ್ತಿನಲ್ಲಿ ಕಡಿಮೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.