72 ಗಂಟೆ, 41 ವಿಷಯ: ಆರೈಕೆ ತರಬೇತಿಯ ಪಠ್ಯಕ್ರಮ ಎಲ್ಲಿಂದ ಶುರುಮಾಡುವುದು?

ಪ್ರಶ್ನೆ

ಮನೆಯಲ್ಲಿರುವ ವೃದ್ಧರು, ಪಾರ್ಶ್ವವಾಯು ಆದವರು ಇಂಥವರ ಆರೈಕೆಗೆ ಹೋಗುವವರಿಗಾಗಿ 12 ವಾರಗಳ ತರಬೇತಿ ರೂಪಿಸಬೇಕಿದೆ. ವಾರಕ್ಕೆ 6 ಗಂಟೆ. ಕಲಿಯುವವರು 24 ಜನ: ನರ್ಸಿಂಗ್ ಸಹಾಯಕರು 8, ಫಿಸಿಯೋಥೆರಪಿ ಸಹಾಯಕರು 8, ಸಮಾಜ ಕಾರ್ಯಕರ್ತರು 8. ಸದ್ಯ ಕೈಯಲ್ಲಿರುವುದು 41 ವಿಷಯಗಳ ಪಟ್ಟಿ, ಕೊನೆಗೊಂದು ಬಹುಆಯ್ಕೆ ಪರೀಕ್ಷೆ. ಎಲ್ಲವನ್ನೂ ಸೇರಿಸಿದರೆ ಉಪನ್ಯಾಸದಲ್ಲೇ ಸಮಯ ಮುಗಿದುಹೋಗುತ್ತದೆ. ಯಾವುದನ್ನು ಬಿಡಬೇಕು?

ಉತ್ತರ 1

ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ತರಬೇತಿ ಮುಗಿಸಿದವರು ಮೊದಲ ದಿನ ಒಬ್ಬರೇ ಒಂದು ಮನೆಗೆ ಹೋದರೆ ಯಾರ ನೆರವಿಲ್ಲದೆ ಮಾಡಲೇಬೇಕಾದ ಕೆಲಸಗಳು ಯಾವುವು? ಅಂಥ ಎಂಟು–ಹತ್ತು ಕೆಲಸ ಬರೆಯಿರಿ. ಬರೆಯುವಾಗ ಈಗಾಗಲೇ ಆ ಕೆಲಸ ಮಾಡುತ್ತಿರುವವರೂ ಆರೈಕೆ ಪಡೆಯುತ್ತಿರುವವರೂ ಜೊತೆಗಿರಲಿ. ಬೋಧಕರು ಮಾತ್ರ ಕೂತರೆ ತಾವು ಓದಿದ ಕೋರ್ಸನ್ನೇ ಮತ್ತೆ ಬರೆದುಬಿಡುತ್ತಾರೆ.

ಆಮೇಲೆ ಕಲಿಕಾ ಫಲ. ‘ಚಲನೆಯ ತತ್ವಗಳನ್ನು ಅರ್ಥಮಾಡಿಕೊಳ್ಳುವರು’ ಎಂದು ಬರೆದರೆ ಅರ್ಥವಾಗಿದೆಯೋ ಇಲ್ಲವೋ ನೋಡುವುದು ಹೇಗೆ? ಹೀಗೆ ಬರೆಯಿರಿ: ‘ಒಂದು ಬದಿಯ ಬಲ ಕುಂದಿದವರನ್ನು ಹಾಸಿಗೆಯಿಂದ ವೀಲ್‌ಚೇರ್‌ಗೆ ಸುರಕ್ಷಿತವಾಗಿ ಕೂರಿಸುವರು.’ ಇದರೊಳಗೆ ಏನೇನಿದೆ ನೋಡಿ: ಕುರ್ಚಿಯನ್ನು ಬಲವಿರುವ ಬದಿಗೆ ಇಡುವುದು, ಎರಡೂ ಬ್ರೇಕ್ ಹಾಕುವುದು, ಪಾದದ ಹಲಗೆ ಸರಿಸುವುದು, ಜಾರದ ಪಾದರಕ್ಷೆ ಹಾಕಿಸುವುದು, ಏನು ಮಾಡಲಿದ್ದೇವೆ ಎಂದು ಅವರಿಗೆ ಹೇಳಿ ಒಪ್ಪಿಗೆ ಪಡೆಯುವುದು. ಬಲವಿಲ್ಲದ ತೋಳನ್ನು ಹಿಡಿದೆಳೆಯುವುದೂ ಕಂಕುಳಿಗೆ ಕೈಹಾಕಿ ಎತ್ತುವುದೂ ಇಲ್ಲಿ ಆಗುವ ದೊಡ್ಡ ತಪ್ಪುಗಳು. ಆ ಬದಿಯ ಭುಜಕ್ಕೆ ಸ್ನಾಯುಗಳ ಆಧಾರ ಇರುವುದಿಲ್ಲವಾದ್ದರಿಂದ ಕೀಲು ಜಾರಿ ನೋವು ತಿಂಗಳುಗಟ್ಟಲೆ ಉಳಿಯಬಹುದು.

ಈಗ 41 ವಿಷಯಗಳನ್ನು ಒಂದೊಂದಾಗಿ ಈ ಕೆಲಸಗಳ ಮುಂದೆ ಇಡಿ. ಯಾವ ಕೆಲಸಕ್ಕೂ ಅಂಟಿಕೊಳ್ಳದ ವಿಷಯ ಓದುವ ಸಾಮಗ್ರಿಗೆ ಹೋಗಲಿ.

ಉತ್ತರ 2

ಮೇಲಿನದಕ್ಕೆ ಒಂದು ಸೇರ್ಪಡೆ: ಪಾಠಗಳಿಗಿಂತ ಮೊದಲು ಪರೀಕ್ಷೆಯನ್ನು ರೂಪಿಸಿ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ ಸಾಮರ್ಥ್ಯ ಅಳೆಯಲು 1990ರಲ್ಲಿ ಕೊಟ್ಟ ಪಿರಮಿಡ್‌ನಲ್ಲಿ, ಕೆಳಗಿನಿಂದ ಮೇಲಕ್ಕೆ, ನಾಲ್ಕು ಮಟ್ಟಗಳಿವೆ: ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸುತ್ತಾರೆ, ಕೆಲಸದಲ್ಲಿ ನಿಜವಾಗಿ ಮಾಡುತ್ತಾರೆ. ಬಹುಆಯ್ಕೆ ಪ್ರಶ್ನೆ ಕೆಳಗಿನ ಎರಡನ್ನು ದಾಟುವುದಿಲ್ಲ. ಮೂರನೆಯದಕ್ಕೆ ಓಸ್ಕಿ (OSCE) ಬೇಕು, ಅಂದರೆ ‘ಸ್ಟೇಷನ್’ ಎಂಬ ತಾಣಗಳಿಗೆ ಸರದಿಯಂತೆ ಹೋಗಿ ಒಂದೊಂದರಲ್ಲೂ ಒಂದು ಕೆಲಸ ಮಾಡಿ ತೋರಿಸುವ ಪರೀಕ್ಷೆ. ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪದ್ಧತಿ ಇದು.

ನಿಮ್ಮ ಸಂಖ್ಯೆಗೆ ಲೆಕ್ಕ ಹೀಗೆ: 6 ಸ್ಟೇಷನ್, ಪ್ರತಿಯೊಂದಕ್ಕೂ 8 ನಿಮಿಷ, ಬದಲಾಯಿಸಲು 2 ನಿಮಿಷ. ಒಂದು ಸುತ್ತಿಗೆ ಒಂದು ಗಂಟೆ, 6 ಜನ. 24 ಜನಕ್ಕೆ ನಾಲ್ಕು ಸುತ್ತು. ವಾರದ 6 ಗಂಟೆಯೊಳಗೆ ಆರಾಮವಾಗಿ ಮುಗಿಯುತ್ತದೆ. ಇದನ್ನು 12ನೇ ವಾರಕ್ಕೆ ಇಡಬೇಡಿ, ತಪ್ಪಿದವರಿಗೆ ತಿದ್ದಿಕೊಳ್ಳಲು ಸಮಯವೇ ಸಿಗುವುದಿಲ್ಲ. 6ನೇ ವಾರ ಅಂಕವಿಲ್ಲದ ಅಭ್ಯಾಸ, 10ನೇ ವಾರ ನಿಜವಾದದ್ದು, 12ನೇ ವಾರ ಮರುಪರೀಕ್ಷೆ.

ಹೆಚ್ಚಾಗಿ ಎಡವುವುದು ಚೆಕ್‌ಲಿಸ್ಟ್‌ನಲ್ಲಿ. 25 ಅಂಶ ಹಾಕಿದರೆ ಕಲಿಯುವವರು ಬಾಯಿಪಾಠ ಒಪ್ಪಿಸುತ್ತಾರೆ, ಎದುರಿಗಿರುವವರ ಮುಖ ನೋಡುವುದಿಲ್ಲ. 10–12 ಅಂಶ ಸಾಕು, ಜೊತೆಗೆ ಒಟ್ಟಾರೆ ಕೆಲಸ ಹೇಗಿತ್ತು ಎಂಬುದಕ್ಕೆ ಐದರ ಒಂದು ಶ್ರೇಣಿ. ಬ್ರೇಕ್ ಹಾಕುವಂಥವನ್ನು ‘ತಪ್ಪಲೇಬಾರದ ಅಂಶ’ ಎಂದು ಗುರುತಿಸಿ. ಇಲ್ಲದಿದ್ದರೆ ಬ್ರೇಕ್ ಮರೆತವರೂ ನಗುನಗುತ್ತಾ ಮಾತಾಡಿದ ಅಂಕದಲ್ಲಿ ಪಾಸಾಗುತ್ತಾರೆ. ಪರೀಕ್ಷಕರೆಲ್ಲರೂ ಮೊದಲೇ ಒಂದೇ ವಿಡಿಯೋ ನೋಡಿ ಬೇರೆಬೇರೆಯಾಗಿ ಅಂಕ ಹಾಕಲಿ, ಎಲ್ಲಿ ಅಂತರ ಬಂತೋ ಆ ಅಂಶದ ಪದಗಳನ್ನು ತಿದ್ದಿ.

ಉತ್ತರ 3

ಮೂರು ವೃತ್ತಿಯವರು ಒಂದೇ ಕೋಣೆಯಲ್ಲಿ ಕೂತು ಪಾಠ ಕೇಳಿದ ಮಾತ್ರಕ್ಕೆ ಅದು ಅಂತರವೃತ್ತಿ ಕಲಿಕೆ ಆಗುವುದಿಲ್ಲ. ಒಬ್ಬರೊಂದಿಗೆ, ಒಬ್ಬರಿಂದ, ಒಬ್ಬರ ಬಗ್ಗೆ ಕಲಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2010ರ ಚೌಕಟ್ಟು ಒತ್ತಿ ಹೇಳುವುದೂ ಇದನ್ನೇ.

ಆರಾರು ಜನರ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಮೂರೂ ವೃತ್ತಿಯ ಇಬ್ಬಿಬ್ಬರು. ಪ್ರತಿ ಗುಂಪಿಗೆ ಒಬ್ಬ ವೃದ್ಧರ ಪ್ರಕರಣ ಕೊಟ್ಟು, ಅದರ ಮಾಹಿತಿಯನ್ನು ಒಡೆದು ಹಂಚಿ. ರಾತ್ರಿ ಮಾತ್ರೆಯಿಂದ ತೂಕಡಿಕೆ ಬರುತ್ತದೆ ಎಂಬುದು ನರ್ಸಿಂಗ್ ಸಹಾಯಕರ ಹಾಳೆಯಲ್ಲಿ ಮಾತ್ರ ಇರಲಿ. ಆ ವೃದ್ಧರು ಈ ತಿಂಗಳು ಎರಡು ಸಲ ಬಿದ್ದದ್ದು ಫಿಸಿಯೋ ಸಹಾಯಕರ ಹಾಳೆಯಲ್ಲಿ. ನೋಡಿಕೊಳ್ಳುವ ಮಗಳು ರಾತ್ರಿಪಾಳಿಗೆ ಹೋಗುತ್ತಾಳೆ ಎಂಬುದು ಸಮಾಜ ಕಾರ್ಯಕರ್ತರಲ್ಲಿ. ಮೂರೂ ಒಟ್ಟುಗೂಡುವವರೆಗೆ ಅಪಾಯ ಯಾರಿಗೂ ಕಾಣುವುದಿಲ್ಲ. ಪ್ರಕರಣಕ್ಕೆ 20 ನಿಮಿಷ ಕೊಟ್ಟರೆ ನಂತರದ ಚರ್ಚೆಗೆ 30 ನಿಮಿಷ ಕೊಡಿ, ಕಲಿಕೆ ಆಗುವುದು ಅಲ್ಲೇ. ಮುಂದಾಳು ಪ್ರತಿ ವಾರ ಬದಲಾಗಲಿ. ಇಲ್ಲದಿದ್ದರೆ ವೈದ್ಯಕೀಯ ಭಾಷೆ ಬಲ್ಲವರೇ ಮಾತಾಡುತ್ತಾ ಹೋಗುತ್ತಾರೆ.

ಪ್ರಶ್ನೆ ಕೇಳಿದವರು

ಧನ್ಯವಾದ. ಶರೀರರಚನೆಗೆ ಈಗ 8 ಗಂಟೆ ಇದೆ. ತೆಗೆದುಬಿಡಬೇಕೆ? ತರಬೇತಿ ಫಲಿಸಿತೋ ಎಂದು ತಿಳಿಯಲು ಕೊನೆಯ ದಿನದ ಅಭಿಪ್ರಾಯ ಪತ್ರ ಸಾಕೆ?

ಉತ್ತರ 1

ತೆಗೆಯಬೇಡಿ, ಚದುರಿಸಿ. ಭುಜದ ಕೀಲನ್ನು ವೀಲ್‌ಚೇರ್ ಪಾಠದ ದಿನವೇ 15 ನಿಮಿಷ ಹೇಳಿ. ನುಂಗುವ ಕ್ರಿಯೆಯನ್ನು ಊಟ ಮಾಡಿಸುವ ಪಾಠದ ದಿನ, ಚರ್ಮದ ಪದರಗಳನ್ನು ಹಾಸಿಗೆ ಹುಣ್ಣಿನ ದಿನ. 8 ಗಂಟೆ ಎರಡೂವರೆಗೆ ಇಳಿಯುತ್ತದೆ, ಉಳಿದದ್ದು ಕೈಯಾರೆ ಮಾಡುವ ಅಭ್ಯಾಸಕ್ಕೆ.

ಅಭಿಪ್ರಾಯ ಪತ್ರ ತರಬೇತಿ ಹಿಡಿಸಿತೇ ಎಂಬುದನ್ನಷ್ಟೇ ಹೇಳುತ್ತದೆ. ಮೂರು ತಿಂಗಳ ನಂತರ ಮೇಲ್ವಿಚಾರಕರು ಅದೇ ಚೆಕ್‌ಲಿಸ್ಟ್ ಹಿಡಿದು, ಆರೈಕೆ ಪಡೆಯುವವರ ಒಪ್ಪಿಗೆಯೊಂದಿಗೆ, ಆ ಮನೆಯಲ್ಲೇ ಒಂದು ಸಲ ಕೆಲಸ ನೋಡಲಿ. ಅದಕ್ಕೆ ಬೇಕಾದ ದಿನಗಳನ್ನೂ ಹಣವನ್ನೂ ಈಗಲೇ ಯೋಜನೆಯಲ್ಲಿ ಬರೆದಿಡಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.