ಅಪ್‌ಡೇಟ್: ಪಾರ್ಕಿನ ಟಿಕೆಟ್ ಇಲ್ಲದೆ ಡಿಸ್ನಿ ಹೋಟೆಲುಗಳಲ್ಲಿ ಒಂದು ದಿನ

ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಒರ್ಲಾಂಡೋದ ಡಿಸ್ನಿ ವರ್ಲ್ಡಿನಲ್ಲಿ ಪಾರ್ಕಿನ ನೂಕುನುಗ್ಗಲಿಗೆ ಸಿಲುಕಿಸದೆ, ಅಲ್ಲಿನ ಹೋಟೆಲುಗಳನ್ನಷ್ಟೇ ತೋರಿಸಿ ಸಸ್ಯಾಹಾರದ ಊಟ ಮಾಡಿಸಬಹುದೇ ಎಂದು ಹೋದ ವಾರ ಕೇಳಿದ್ದೆ.

ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ‘ಸನಾ’ ರೆಸ್ಟೋರೆಂಟಿನಲ್ಲಿ ಮೊದಲೇ ಟೇಬಲ್ ಕಾಯ್ದಿರಿಸಿ ಎಂಬ ಸಲಹೆಯೇ ಫಲಿಸಿತು, ಆ ಬುಕಿಂಗ್ ತೋರಿಸಿದ್ದರಿಂದ ಗೇಟಿನಲ್ಲಿಯೂ ತೊಡಕಾಗಲಿಲ್ಲ. ಆಫ್ರಿಕಾ ಮತ್ತು ಭಾರತದ ರುಚಿಗಳನ್ನು ಬೆರೆಸುವ ಅಲ್ಲಿ ನಾನ್, ಕುಲ್ಚಾಗಳೊಂದಿಗೆ ನಂಚಿಕೊಳ್ಳಲು ಒಂಬತ್ತು ಬಗೆ ಬಂದವು. ಅಮ್ಮ ಒಂದೊಂದನ್ನೂ ಬೆರಳ ತುದಿಯಲ್ಲಿ ನೆಕ್ಕಿ ನೋಡುತ್ತಿದ್ದಾಗ ಕಿಟಕಿಯಾಚೆ ಜಿರಾಫೆಯೊಂದು ಕತ್ತು ಚಾಚಿ ಸೊಪ್ಪು ಮೇಯುತ್ತಿತ್ತು.

ಕಾಂಟೆಂಪೊರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಮೂರೂ ಹೋಟೆಲುಗಳನ್ನು ಒಂದೇ ಸಂಜೆ ಸುತ್ತುವ ಸಲಹೆ ಮಾತ್ರ ಅಪ್ಪನ ಮಂಡಿನೋವಿಗೆ ಒಗ್ಗಲಿಲ್ಲ, ಎರಡಕ್ಕೇ ನಿಲ್ಲಿಸಿದೆವು. ಆದರೂ ಕಾಂಟೆಂಪೊರರಿ ಕಟ್ಟಡದ ಹೊಟ್ಟೆಯೊಳಗೇ ಹಾದುಹೋಗುವ ಮೋನೋರೈಲನ್ನು, ಅದೂ ಬಿಟ್ಟಿಯಾಗಿ, ಹತ್ತದೆ ಬರಬೇಡಿ.

ನಾನು ಎಣಿಸಿರದಿದ್ದ ಸಂಗತಿಯೆಂದರೆ, ಪಾಲಿನೇಷಿಯನ್‌ನ ಮರಳ ದಂಡೆಯಲ್ಲಿ ಕುಳಿತಿದ್ದಾಗ ಕತ್ತಲ ನೀರಿನ ಮೇಲೆ ದೀಪದ ತೆಪ್ಪಗಳ ಮೆರವಣಿಗೆ ಬಂದದ್ದು. 1971ರಲ್ಲಿ ಶುರುವಾದದ್ದಂತೆ. “ಇದು ನಮ್ಮ ತೆಪ್ಪೋತ್ಸವವೇ, ದೇವರೊಬ್ಬನಿಲ್ಲ ಅಷ್ಟೇ” ಎಂದರು ಅಪ್ಪ.