ಆಪ್ಶನ್ ಮೇಲಿನ ಕ್ಲಿಕ್ ಕ್ರೋಮ್‌ನಲ್ಲಿ ಏಕೆ ಕೆಲಸ ಮಾಡುವುದಿಲ್ಲ?

ಪ್ರಶ್ನೆ:
ಸದಸ್ಯತ್ವದ ಅರ್ಜಿಯೊಂದರಲ್ಲಿ ಜಿಲ್ಲೆಯನ್ನು ಆರಿಸಿದ ಕೂಡಲೇ ಆ ಜಿಲ್ಲೆಯ ತಾಲ್ಲೂಕುಗಳು ಎರಡನೆಯ ಡ್ರಾಪ್‌ಡೌನ್‌ನಲ್ಲಿ ಬರಬೇಕು. ಇದಕ್ಕಾಗಿ ಪ್ರತಿಯೊಂದು ಆಪ್ಶನ್‌ಗೂ (ಪಟ್ಟಿಯಲ್ಲಿರುವ ಒಂದೊಂದು ಆಯ್ಕೆಗೂ) ಕ್ಲಿಕ್ ಹ್ಯಾಂಡ್ಲರ್, ಅಂದರೆ ಕ್ಲಿಕ್ ಆದಾಗ ನಡೆಯುವ ಫಂಕ್ಷನ್, ಜೋಡಿಸಿದ್ದೇನೆ. ಕಚೇರಿಯ ಕಂಪ್ಯೂಟರಿನಲ್ಲಿರುವ ಹಳೆಯ ಫೈರ್‌ಫಾಕ್ಸ್‌ನಲ್ಲಿ ಇದು ಸರಿಯಾಗಿ ನಡೆಯುತ್ತದೆ, ಆದರೆ ಕ್ರೋಮ್ ಮತ್ತು ಸಫಾರಿಯಲ್ಲಿ ಏನೂ ಆಗುವುದಿಲ್ಲ, ಕನ್ಸೋಲ್‌ನಲ್ಲಿ ದೋಷವೂ ಕಾಣಿಸುವುದಿಲ್ಲ. ಕಾರಣವೇನು?

ಉತ್ತರ 1:
ಕ್ರೋಮ್ ಮತ್ತು ಸಫಾರಿಯಲ್ಲಿ ತೆರೆದುಕೊಳ್ಳುವ ಪಟ್ಟಿ ನಿಮ್ಮ ಪುಟದ ಭಾಗವಲ್ಲ. ಅದನ್ನು ಬ್ರೌಸರ್ ಅಥವಾ ಆಪರೇಟಿಂಗ್ ಸಿಸ್ಟಮ್ ಪುಟದ ಹೊರಗೆ ಪ್ರತ್ಯೇಕವಾಗಿ ಚಿತ್ರಿಸುವುದರಿಂದ, ಅಲ್ಲಿ ಒತ್ತಿದ ಕ್ಲಿಕ್ ಆಪ್ಶನ್‌ಗೆ ತಲುಪುವುದೇ ಇಲ್ಲ. ಹ್ಯಾಂಡ್ಲರನ್ನು ಸೆಲೆಕ್ಟ್‌ಗೆ (ಇಡೀ ಡ್ರಾಪ್‌ಡೌನ್‌ಗೆ) ಜೋಡಿಸಿ, ಆಯ್ಕೆ ಬದಲಾಯಿತೆಂದು ಬ್ರೌಸರ್ ಕೊಡುವ ಸೂಚನೆಯಾದ ಚೇಂಜ್ ಇವೆಂಟನ್ನು ಕೇಳಿಸಿಕೊಳ್ಳಿ. ಆಯ್ಕೆ ಬದಲಾದಾಗ ಮೊದಲು ಇನ್‌ಪುಟ್ ಎಂಬ ಇವೆಂಟ್, ಅನಂತರ ಚೇಂಜ್ ಹೊಮ್ಮಬೇಕೆಂದು ಎಚ್‌ಟಿಎಂಎಲ್ ಮಾನದಂಡ ಹೇಳುತ್ತದೆ. ಆದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರಲ್ಲೂ 2020ಕ್ಕೆ ಹಿಂದಿನ ಎಡ್ಜ್‌ನಲ್ಲೂ ಸೆಲೆಕ್ಟ್‌ಗೆ ಇನ್‌ಪುಟ್ ಬರುತ್ತಿರಲಿಲ್ಲ. ಆದ್ದರಿಂದ ಚೇಂಜ್ ಒಂದೇ ಭದ್ರವಾದ ನೆಲೆ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ, ಆದರೆ ಕೀಬೋರ್ಡ್ ಬಳಸುವವರನ್ನು ದಯವಿಟ್ಟು ಮರೆಯಬೇಡಿ. ಇಂಥ ಅರ್ಜಿಗಳಲ್ಲಿ ಹೆಚ್ಚು ಕಷ್ಟಪಡುವವರು ಅವರೇ. ವಿಂಡೋಸ್‌ನ ಕ್ರೋಮ್‌ನಲ್ಲಿ ಪಟ್ಟಿಯನ್ನು ತೆರೆಯದೆ ಕೆಳಬಾಣವನ್ನು ಒತ್ತಿದರೆ, ಪ್ರತಿ ಒತ್ತಿಗೂ ಆಯ್ಕೆ ಬದಲಾಗಿ ಚೇಂಜ್ ಹೊಮ್ಮುತ್ತದೆ. ಮ್ಯಾಕ್‌ನಲ್ಲಿ ಅದೇ ಕೀಲಿ ಪಟ್ಟಿಯನ್ನು ತೆರೆಯುತ್ತದೆ. ಹಳೆಯ ಫೈರ್‌ಫಾಕ್ಸ್ ಆದರೋ ಎಂಟರ್ ಒತ್ತುವವರೆಗೆ ಅಥವಾ ಫೋಕಸ್ ಬೇರೆಡೆಗೆ ಹೋಗುವವರೆಗೆ ಕಾಯುತ್ತಿತ್ತು. ಹೀಗಾಗಿ ವಿಂಡೋಸ್‌ನ ಕ್ರೋಮ್‌ನಲ್ಲಿ ಬಾಗಲಕೋಟೆಯಿಂದ ಬೀದರ್‌ವರೆಗೆ ಬಾಣದ ಕೀಲಿಯಿಂದ ಇಳಿಯುವವರು ನಡುವಿನ ಪ್ರತಿಯೊಂದು ಜಿಲ್ಲೆಗೂ ಸರ್ವರ್‌ಗೆ ಒಂದೊಂದು ಕೋರಿಕೆ ಕಳಿಸುತ್ತಾರೆ. ಉತ್ತರಗಳು ಹಿಂದುಮುಂದಾಗಿ ಬಂದರೆ ಬೀದರ್‌ನ ಕೆಳಗೆ ಬೆಳಗಾವಿಯ ತಾಲ್ಲೂಕುಗಳು ಕಾಣಿಸಿಕೊಳ್ಳುತ್ತವೆ. ಹೊಸ ಕೋರಿಕೆಗೆ ಮುನ್ನ ಹಳೆಯದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ (ಕಳಿಸಿದ ಕೋರಿಕೆಯನ್ನು ನಿಲ್ಲಿಸಲು ಬ್ರೌಸರಿನಲ್ಲೇ ಇರುವ ಸಾಧನ) ರದ್ದುಮಾಡಿ. ಚೇಂಜ್ ಆದೊಡನೆ ಬೇರೆ ಪುಟಕ್ಕೆ ಕರೆದೊಯ್ಯುವ ಮೆನುವನ್ನಂತೂ ಮಾಡಲೇಬೇಡಿ. ಮುನ್ಸೂಚನೆಯಿಲ್ಲದೆ ಹಾಗೆ ಮಾಡುವುದನ್ನು ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ 3.2.2ನೆಯ ನಿಯಮ ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು:
ಚೇಂಜ್‌ನಿಂದ ಎಲ್ಲ ಬ್ರೌಸರ್‌ಗಳಲ್ಲೂ ಕೆಲಸವಾಯಿತು, ಧನ್ಯವಾದಗಳು. ಆದರೆ ಹಳೆಯ ಅರ್ಜಿಯನ್ನು ತಿದ್ದಲು ತೆರೆದಾಗ ಸ್ಕ್ರಿಪ್ಟ್ ಜಿಲ್ಲೆಯನ್ನು ತುಂಬುತ್ತದೆ, ತಾಲ್ಲೂಕುಗಳು ಮಾತ್ರ ಬರುವುದಿಲ್ಲ.

ಉತ್ತರ 3:
ಇದು ಬ್ರೌಸರ್‌ಗಳ ನಡುವಿನ ಭೇದವಲ್ಲ. ಸ್ಕ್ರಿಪ್ಟ್‌ನಿಂದ ಮೌಲ್ಯವನ್ನು ಬದಲಿಸಿದರೆ ಚೇಂಜ್ ಎಲ್ಲಿಯೂ ಹೊಮ್ಮುವುದಿಲ್ಲ, ಅರ್ಜಿಯನ್ನು ರೀಸೆಟ್ ಮಾಡಿದಾಗಲೂ ಇಲ್ಲ. ತಾಲ್ಲೂಕು ತರುವ ಕೆಲಸವನ್ನು ಪ್ರತ್ಯೇಕ ಫಂಕ್ಷನ್ ಆಗಿ ಬರೆದು, ಜಿಲ್ಲೆಯನ್ನು ತುಂಬಿದ ಮೇಲೆ ನೇರವಾಗಿ ಕರೆಯಿರಿ. ಫೈರ್‌ಫಾಕ್ಸ್ ಪುಟವನ್ನು ರೀಲೋಡ್ ಮಾಡಿದಾಗ ಹಿಂದಿನ ಆಯ್ಕೆಯನ್ನು ಉಳಿಸಿಕೊಳ್ಳುವುದರಿಂದ, ಪುಟ ಕಾಣಿಸಿಕೊಂಡಾಗ ಹೊಮ್ಮುವ ಪೇಜ್‌ಶೋ ಇವೆಂಟಿನಲ್ಲಿಯೂ ಅದೇ ಫಂಕ್ಷನನ್ನು ಒಮ್ಮೆ ಕರೆಯುವುದು ಒಳ್ಳೆಯದು.